ಬ್ಯಾಡ್ಜಿಗೆ ಕಾಣದ ಡೋಸ್: ಕೈಗಾ ಮತ್ತು ಅಣುಸ್ಥಾವರದ ಕೆಲಸಗಾರರ ವಿಕಿರಣ ರಕ್ಷಣೆ

ಕೈಗಾ ಅಣುವಿದ್ಯುತ್ ಸ್ಥಾವರದ ವಿರುದ್ಧ ಕನ್ನಡದಲ್ಲಿ ಎದ್ದ ದನಿಗಳಲ್ಲಿ ಕೋಟದ ಶಿವರಾಮ ಕಾರಂತರದು ದೊಡ್ಡದು. 1989ರ ಲೋಕಸಭಾ ಚುನಾವಣೆಯಲ್ಲಿ ಅವರು ಉತ್ತರ ಕನ್ನಡದಿಂದ ಸ್ಪರ್ಧಿಸಿದ್ದೇ ಪರಿಸರದ ಪ್ರಶ್ನೆಯನ್ನು ಜನರ ಮುಂದಿಡಲು. ಗೆಲ್ಲಲಿಲ್ಲ. 1997ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಕೈಗಾದ ಯಾವ ರಿಯಾಕ್ಟರೂ ಇನ್ನೂ ಶುರುವಾಗಿರಲಿಲ್ಲ. ಎರಡನೇ ಘಟಕದಲ್ಲಿ ಸರಪಳಿ ಕ್ರಿಯೆ ಮೊದಲಾದದ್ದು 1999ರ ಸೆಪ್ಟೆಂಬರಿನಲ್ಲಿ, ಒಂದನೆಯದರಲ್ಲಿ ಮರುವರ್ಷ. ಆ ಕಾಲದ ಚರ್ಚೆ ಕಾಡು, ಕಾಳಿ ನದಿ, ಸುತ್ತಲ ಹಳ್ಳಿಗಳ ಸುತ್ತ ನಡೆದದ್ದು ಸಹಜವೇ. ಬೇಲಿಯ ಒಳಗೆ ದಿನಾ ಪಾಳಿ ಮಾಡುವವರ ಮಾತು ಅದರಲ್ಲಿ ಕಡಿಮೆ ಬಂತು. ಈ ಲೇಖನ ಅವರನ್ನು ಕುರಿತದ್ದು.

ಕೋಟ ಇರುವ ನಮ್ಮ ಕಡೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಗೂ ಕೈಗಾಕ್ಕೂ ಏನು ನಂಟು ಎಂದು ಕೇಳಬಹುದು. ಸ್ಥಾವರದ ಸುತ್ತ 16 ಕಿಲೋಮೀಟರಿನ ತುರ್ತು ಯೋಜನಾ ವಲಯಕ್ಕೆ ಈ ಊರುಗಳು ಸೇರುವುದಿಲ್ಲ; ಬೈಂದೂರು ದಾಟಿದರೆ ಭಟ್ಕಳ, ಅಲ್ಲಿಂದ ಇಡೀ ಉತ್ತರ ಕನ್ನಡದ ಕರಾವಳಿ ಮುಗಿಸಿ, ಕಾರವಾರದಿಂದ ಒಳನಾಡಿಗೆ ತಿರುಗಿದರೆ ಕೈಗಾ. ಕೆಲಸ ಹುಡುಕಿ ಊರು ಬಿಡುವುದು ಇಲ್ಲಿನವರಿಗೆ ಹೊಸದಲ್ಲ, ಫಿಟ್ಟರ್, ವೆಲ್ಡರ್ ಕೆಲಸ ಕಲಿತವನು ಕಾಂಟ್ರಾಕ್ಟು ಸಿಕ್ಕಲ್ಲಿಗೆ ಹೋಗುತ್ತಾನೆ. ಊರಲ್ಲೇ ಇರುವ ವಿಕಿರಣ ಕೆಲಸಗಾರರೂ ಇದ್ದಾರೆ: ಆಸ್ಪತ್ರೆಗಳ ಎಕ್ಸ್‌ರೇ, ಸಿಟಿ ಸ್ಕ್ಯಾನ್ ತಂತ್ರಜ್ಞರು. ಕೈಗಾದ ಎಂಜಿನಿಯರಿಗೂ ಇವರಿಗೂ ನಿಯಂತ್ರಕ ಒಂದೇ, 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ. ಎದೆಯ ಮೇಲಿನ ಬ್ಯಾಡ್ಜೂ ಒಂದೇ ಬಗೆಯದು.

ಆ ಬ್ಯಾಡ್ಜನ್ನು ಬಿಚ್ಚಿ ನೋಡಿದರೆ ನಿಕಲ್ ಲೇಪದ ಅಲ್ಯೂಮಿನಿಯಂ ತಗಡಿನಲ್ಲಿ ಕೂರಿಸಿದ ಮೂರು ಪುಟ್ಟ ಬಿಲ್ಲೆಗಳು ಕಾಣುತ್ತವೆ. ಡಿಸ್ಪ್ರೋಸಿಯಂ ಬೆರೆತ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನಿನೊಂದಿಗೆ ಒತ್ತಿ ಮಾಡಿದವು. ಒಂದರ ಮೇಲೆ ಲೋಹದ ಮರೆ, ಇನ್ನೊಂದರ ಮೇಲೆ ಪ್ಲಾಸ್ಟಿಕ್, ಮೂರನೆಯದಕ್ಕೆ ಮರೆಯೇ ಇಲ್ಲ. ವಿಕಿರಣ ಬಿದ್ದಾಗ ಬಿಲ್ಲೆಯ ಹರಳು ಒಂದಿಷ್ಟು ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಕಾಯಿಸಿದಾಗ ಅದನ್ನು ಬೆಳಕಾಗಿ ಬಿಡುತ್ತದೆ. ಮೂರೂ ಬಿಲ್ಲೆಗಳ ಬೆಳಕನ್ನು ತಾಳೆ ನೋಡಿದರೆ ಬಿದ್ದದ್ದು ಎಕ್ಸ್‌ಕಿರಣವೋ ಗಾಮಾವೋ ಬೀಟಾವೋ, ಎಷ್ಟು ಬಿತ್ತು ಎಂಬುದು ತಿಳಿಯುತ್ತದೆ. ಕುಂದಾಪುರದ ಎಕ್ಸ್‌ರೇ ತಂತ್ರಜ್ಞನಿಗೆ ಇಷ್ಟು ಸಾಕು, ಏಕೆಂದರೆ ಅವನಿಗೆ ತಗಲುವ ವಿಕಿರಣವೆಲ್ಲ ಹೊರಗಿನಿಂದ ಬರುವಂಥದ್ದು. ಯಂತ್ರ ಆರಿಸಿದರೆ ಮುಗಿಯಿತು.

ಕೈಗಾದಲ್ಲಿ ಹಾಗಲ್ಲ. ಅಲ್ಲಿನ ನಾಲ್ಕೂ ಘಟಕಗಳು ತಲಾ 220 ಮೆಗಾವಾಟಿನ ಭಾರಜಲ ರಿಯಾಕ್ಟರುಗಳು. ಭಾರಜಲದ ಡ್ಯೂಟೀರಿಯಂ ನ್ಯೂಟ್ರಾನನ್ನು ನುಂಗಿ ಟ್ರಿಟಿಯಂ ಆಗುತ್ತದೆ. ರಿಯಾಕ್ಟರು ಓಡಿದಷ್ಟು ವರ್ಷ ಭಾರಜಲದಲ್ಲಿ ಅದರ ಪ್ರಮಾಣ ಏರುತ್ತ ಹೋಗುತ್ತದೆ. ಟ್ರಿಟಿಯಮ್ಮಿನ ಬೀಟಾ ಕಣಕ್ಕೆ ಹೆಚ್ಚೆಂದರೆ 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಚರ್ಮದ ಸತ್ತ ಪದರವನ್ನೂ ಅದು ದಾಟಲಾರದು, ಬ್ಯಾಡ್ಜಿನ ಕವಚವನ್ನಂತೂ ದಾಟುವುದೇ ಇಲ್ಲ. ಹೊರಗಿದ್ದಾಗ ನಿರುಪದ್ರವಿ. ಆದರೆ ನೀರಿನ ರೂಪದಲ್ಲಿರುವ ಟ್ರಿಟಿಯಂ ಉಸಿರಿನ ಆವಿಯಲ್ಲಿ, ಚರ್ಮದ ಮೂಲಕ, ಬಾಯಿಯಿಂದ ಒಳಗೆ ಹೋದರೆ ಮೈಯ ನೀರಿನಲ್ಲೆಲ್ಲ ಬೆರೆತುಬಿಡುತ್ತದೆ. ಅದು ಎಷ್ಟಿದೆ ಎಂದು ಹೇಳಬಲ್ಲದ್ದು ಒಂದೇ, ಕೆಲಸಗಾರ ಮೂತ್ರ ತುಂಬಿಸಿ ಕೊಡುವ ಬಾಟ್ಲಿ. ಭಾರಜಲ ಸ್ಥಾವರದಲ್ಲಿ ಕೆಲಸಗಾರರ ರಕ್ಷಣೆಯ ಅರ್ಧ ಕಥೆ ಈ ಬಾಟ್ಲಿಯಲ್ಲಿದೆ ಎಂಬುದು ನನ್ನ ವಾದ. ಬ್ಯಾಡ್ಜಿಗೆ ಸಿಕ್ಕ ಗೌರವ ಇದಕ್ಕೆ ಸಿಕ್ಕಿಲ್ಲ.

2009ರ ನವೆಂಬರ್ 24ರ ಸಂಗತಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಒಂದನೇ ಘಟಕ ವಾರ್ಷಿಕ ದುರಸ್ತಿಗೆಂದು ನಿಂತಿತ್ತು. ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿ ಕೆಲವರ ಟ್ರಿಟಿಯಂ ಮಟ್ಟ ಏರಿರುವುದು ಕಂಡುಬಂತು. ಹುಡುಕುತ್ತ ಹೋದಾಗ ಸಿಕ್ಕಿದ್ದು ಸೋರುವ ಕೊಳವೆಯಲ್ಲ. ಕೆಲಸದ ಆವರಣದಲ್ಲಿದ್ದ, ಟ್ರಿಟಿಯಂ ಬೆರೆತ ಕುಡಿಯುವ ನೀರಿನ ಕೂಲರ್. ಐವತ್ತಕ್ಕೂ ಹೆಚ್ಚು ಮಂದಿ ಆ ನೀರು ಕುಡಿದಿದ್ದರು, ಇಬ್ಬರ ಡೋಸ್ ವಾರ್ಷಿಕ ಮಿತಿಯಾದ 30 ಮಿಲಿಸೀವರ್ಟನ್ನು ಮೀರಬಹುದೆಂದು ಅಂದಾಜಾಯಿತು. ಆಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್, ಇದು ಯಾರೋ ಬೇಕೆಂದೇ ಮಾಡಿದ ಕೃತ್ಯ ಎಂದರು. ಮಾತು ಮುಂದೆ ಬಹುಪಾಲು ‘ಯಾರು’ ಎಂಬ ಕಡೆಗೇ ಹರಿಯಿತು. ಕೂಲರ್‌ ಎಂಬ ವಸ್ತುವಿನ ಬಗ್ಗೆ ಯೋಚಿಸಿದವರು ಕಡಿಮೆ.

ಲೆಕ್ಕ ಹಾಕಿ ನೋಡೋಣ. ಟ್ರಿಟಿಯಂ ನೀರಿನ ಒಂದು ಬೆಕೆರೆಲ್ (ವಿಕಿರಣಶೀಲತೆಯ ಅಳತೆ) ಒಳಗೆ ಹೋದರೆ ತಗಲುವ ಡೋಸ್ 0.000000018 ಮಿಲಿಸೀವರ್ಟ್. ಅಂದರೆ 30 ಮಿಲಿಸೀವರ್ಟಿಗೆ ಸುಮಾರು 170 ಕೋಟಿ ಬೆಕೆರೆಲ್ ಬೇಕು. ಕೇಳಲು ದೊಡ್ಡದು. ಭಾರಜಲದಲ್ಲಿ ಲೀಟರಿಗೆ 10 ಕ್ಯೂರಿ (ಅದೇ ವಿಕಿರಣಶೀಲತೆಯ ದೊಡ್ಡ ಅಳತೆ) ಟ್ರಿಟಿಯಂ ಇದೆಯೆಂದು ಇಟ್ಟುಕೊಂಡರೆ ಅಷ್ಟು ಬೆಕೆರೆಲ್ ಬರುವುದು ಟೀ ಚಮಚೆಯಷ್ಟು ದ್ರವದಲ್ಲಿ. ಅಡಿಗಳ ಲೆಕ್ಕದಲ್ಲಿ ದಪ್ಪವಿರುವ ಕಾಂಕ್ರೀಟು ಗೋಡೆಗಳು ಈ ಚಮಚೆಯ ವಿರುದ್ಧ ಏನೂ ಮಾಡಲಾರವು.

ಇದು ಜಗತ್ತಿಗೆ ಮೊದಲ ಪಾಠವೂ ಆಗಿರಲಿಲ್ಲ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಪಾಯಿಂಟ್ ಲೆಪ್ರೋದಲ್ಲಿ, ಕೈಗಾದ ವಂಶದ್ದೇ ಆದ ಭಾರಜಲ ಸ್ಥಾವರದಲ್ಲಿ, 1990ರಲ್ಲಿ ಅಲ್ಲಿನ ನೌಕರನೊಬ್ಬ ಕ್ಯಾಂಟೀನಿನ ಪಾನೀಯ ಯಂತ್ರಕ್ಕೆ ಭಾರಜಲ ಬೆರೆಸಿದ್ದ. ಎಂಟು ಮಂದಿ ಕುಡಿದರು. ಹೆಚ್ಚು ಕುಡಿದವನು ಬಿಸಿ ಜಾಗದಲ್ಲಿ ಕೆಲಸ ಮಾಡುತ್ತಿದ್ದವನು. ಅವನಿಗೆ ದಾಹ ಜಾಸ್ತಿ. ಹತ್ತೊಂಬತ್ತು ವರ್ಷಗಳ ನಂತರವೂ ನಮ್ಮಲ್ಲಿ ಕೂಲರ್‌ ಒಂದು ಸಾಮಾನ್ಯ ಸೌಕರ್ಯವಾಗಿಯೇ ಉಳಿದಿತ್ತು, ವಿಕಿರಣ ರಕ್ಷಣೆಯ ಪಟ್ಟಿಗೆ ಸೇರಿರಲಿಲ್ಲ. ತಪ್ಪು ಯಾರೊಬ್ಬರದ್ದೇ ಎನ್ನುವುದಕ್ಕಿಂತ, ಯೋಚನೆಯ ಕ್ರಮವೇ ಯಂತ್ರದಿಂದ ಶುರುವಾಗಿ ಮನುಷ್ಯನ ಬಾಯಾರಿಕೆಯವರೆಗೆ ಬರುವಷ್ಟರಲ್ಲಿ ಮುಗಿದುಹೋಗುತ್ತದೆ ಎನ್ನಬೇಕು.

ಬಾಯಾರಿಕೆಯ ಮಾತು ಬಂದದ್ದರಿಂದ ಸೆಖೆಯನ್ನೂ ಹೇಳಬೇಕು. ಟ್ರಿಟಿಯಂ ಆವಿ ಇರುವ ಕಡೆ ಇಳಿಯುವವನು ಇಡೀ ಮೈ ಮುಚ್ಚುವ ಪ್ಲಾಸ್ಟಿಕ್ ಸೂಟು ತೊಡುತ್ತಾನೆ. ಕೊಳವೆಯೊಂದರಿಂದ ಶುದ್ಧ ಗಾಳಿ ಒಳಗೆ ಬರುತ್ತಿರುತ್ತದೆ. ಬರೀ ಮಾಸ್ಕ್ ಸಾಲದು, ಏಕೆಂದರೆ ಅಂಥ ಗಾಳಿಯಲ್ಲಿ ಒಳಗೆ ಸೇರುವ ಟ್ರಿಟಿಯಮ್ಮಿನ ಮೂರನೇ ಒಂದು ಪಾಲು ಚರ್ಮದಿಂದಲೇ ಬರುತ್ತದೆ. ಮೇ ತಿಂಗಳ ಕರಾವಳಿಯಲ್ಲಿ ಪ್ಲಾಸ್ಟಿಕ್ ಹೊದ್ದು ಬಗ್ಗಿ ವೆಲ್ಡಿಂಗ್ ಮಾಡುವುದೆಂದರೆ ಏನೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೂಟಿನೊಳಗಿನ ತಂಪು ಕೂಡ ಡೋಸಿನ ಪ್ರಶ್ನೆಯೇ: ಸೆಖೆ ತಾಳದೆ ಜಿಪ್ ಸಡಿಲಿಸಿದವನಿಗೆ ಮಿತಿಯ ಪಾಠ ಹೇಳಿ ಪ್ರಯೋಜನವಿಲ್ಲ.

ಮಿತಿಗಳ ವಿಷಯದಲ್ಲಿ ಭಾರತದ ನಿಯಮ ಬಿಗಿಯಾಗಿಯೇ ಇದೆ. ಐದು ವರ್ಷದಲ್ಲಿ ಒಟ್ಟು 100 ಮಿಲಿಸೀವರ್ಟ್ ಮೀರಬಾರದು. ಯಾವುದೇ ಒಂದು ವರ್ಷದಲ್ಲಿ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 50ರವರೆಗೆ ಒಪ್ಪಿದರೆ ನಮ್ಮಲ್ಲಿ 30. ತಾತ್ಕಾಲಿಕ ಕೆಲಸಗಾರರಿಗೆ ವರ್ಷಕ್ಕೆ 15ರ ಕಟ್ಟು. ಕಾಗದದ ಮೇಲೆ ಇದು ಕಾಂಟ್ರಾಕ್ಟ್ ಕೆಲಸಗಾರನಿಗೆ ಹೆಚ್ಚಿನ ರಕ್ಷಣೆ. ಆದರೆ ತಲಾ ಮಿತಿಯೊಂದನ್ನೇ ನೋಡುತ್ತ ಕೂತರೆ ಒಂದು ಅಪಾಯವಿದೆ: ಒಂದೇ ಕೆಲಸವನ್ನು ಹೆಚ್ಚು ಜನರಿಗೆ ಹಂಚಿಬಿಟ್ಟರೆ ಪ್ರತಿಯೊಬ್ಬನ ಲೆಕ್ಕವೂ ಚೆಂದ ಕಾಣುತ್ತದೆ, ಒಟ್ಟು ಡೋಸ್ ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೇ ವಿಕಿರಣ ರಕ್ಷಣಾ ಶಾಸ್ತ್ರ ಸಾಮೂಹಿಕ ಡೋಸನ್ನೂ ಎಣಿಸುತ್ತದೆ.

ಬೈಂದೂರಿನ ಒಬ್ಬ ವೆಲ್ಡರನ್ನು ಊಹಿಸಿಕೊಳ್ಳೋಣ. ಶಟ್‌ಡೌನ್ ಕೆಲಸಕ್ಕೆ ಹೋಗಿದ್ದಾನೆ. ಒಂದು ದಿನ ಅವನ ಮೈಯಲ್ಲಿ ಲೀಟರಿಗೆ 1 ಕೋಟಿ ಬೆಕೆರೆಲ್ ಆಗುವಷ್ಟು ಟ್ರಿಟಿಯಂ ಸೇರಿತು. ಮೈಯಲ್ಲಿ ಸುಮಾರು 42 ಲೀಟರ್ ನೀರು, ಆದ್ದರಿಂದ ಡೋಸ್ ಏಳೂವರೆ ಮಿಲಿಸೀವರ್ಟ್. ಅವನ ವರ್ಷದ ಪಾಲಿನ ಅರ್ಧ. ಟ್ರಿಟಿಯಂ ಪ್ರಕೃತಿಯಲ್ಲಿ ಅರ್ಧವಾಗಲು 12.3 ವರ್ಷ ಬೇಕು, ಆದರೆ ಮೈಯಿಂದ ಅರ್ಧ ಹೊರಬೀಳಲು ಹತ್ತು ದಿನ ಸಾಕು. ಚೆನ್ನಾಗಿ ನೀರು ಕುಡಿದರೆ ಇನ್ನೂ ಬೇಗ. ವೈದ್ಯರು ಕೊಡುವ ಚಿಕಿತ್ಸೆಯೂ ಮುಖ್ಯವಾಗಿ ಅದೇ. ಮೂವತ್ತು ದಿನ ಕಳೆದು ಅವನ ಬಾಟ್ಲಿ ಪರೀಕ್ಷೆಗೆ ಬಂದರೆ ಅದರಲ್ಲಿರುವುದು ಎಂಟರಲ್ಲಿ ಒಂದು ಪಾಲು. ಟ್ರಿಟಿಯಂ ಒಳಸೇರಿದ ದಿನ ಗೊತ್ತಿಲ್ಲದೆ ‘ನಿನ್ನೆ ಮೊನ್ನೆಯದು’ ಎಂದು ಲೆಕ್ಕ ಹಿಡಿದರೆ ದಾಖಲೆಯಲ್ಲಿ ಒಂದು ಮಿಲಿಸೀವರ್ಟೂ ಬರುವುದಿಲ್ಲ. ಬಾಟ್ಲಿ ಕೊಡದೆಯೇ ಊರಿಗೆ ಬಂದುಬಿಟ್ಟರೆ ಏನೂ ಬರುವುದಿಲ್ಲ.

ಕಾಯಂ ನೌಕರನಿಗೆ ಈ ಅಪಾಯ ಕಡಿಮೆ. ಅವನು ನಾಳೆಯೂ ಗೇಟಿಗೆ ಬರುತ್ತಾನೆ, ಮುಂದಿನ ಬಾಟ್ಲಿ ಹಿಂದಿನದರ ಲೆಕ್ಕವನ್ನು ತಿದ್ದುತ್ತದೆ. ಕಾಂಟ್ರಾಕ್ಟಿನವನದ್ದು ಕೊನೆಯ ಬಾಟ್ಲಿಯೇ ಕೊನೆಯ ಸಾಕ್ಷಿ. 2004ರ ಅಣುಶಕ್ತಿ (ವಿಕಿರಣ ರಕ್ಷಣೆ) ನಿಯಮಗಳು ಕೆಲಸಗಾರನಿಗೆ ಅವನ ಡೋಸಿನ ದಾಖಲೆಯನ್ನು ವರ್ಷಕ್ಕೊಮ್ಮೆ, ಅವನು ಕೇಳಿದಾಗ ಮತ್ತು ಕೆಲಸ ಬಿಡುವಾಗ ಕೊಡಬೇಕೆಂದು ಮಾಲೀಕನಿಗೆ ವಿಧಿಸಿವೆ. ಕೈಗಾದಲ್ಲಿ 700 ಮೆಗಾವಾಟಿನ ಎರಡು ಹೊಸ ಘಟಕಗಳು ಬರಲಿವೆ, ಅವೂ ಭಾರಜಲದವೇ. ಕೂಲಿಯ ಕೊನೆಯ ಕಂತಿಗೆ ಸಹಿ ಹಾಕಿಸಿಕೊಳ್ಳುವ ಮೇಜಿನಲ್ಲೇ ಕೊನೆಯ ಬಾಟ್ಲಿಯನ್ನೂ ಪಡೆದು, ಅದರ ಫಲಿತಾಂಶ ಸೇರಿದ ಡೋಸ್ ಪತ್ರವನ್ನು ಅವನ ಊರಿನ ವಿಳಾಸಕ್ಕೆ, ಅವನು ಓದಬಲ್ಲ ಕನ್ನಡದಲ್ಲಿ ಕಳಿಸುವ ಏರ್ಪಾಡಿಗೆ ಹೊಸ ಕಾನೂನೇನೂ ಬೇಕಾಗಿಲ್ಲ.