ರಕ್ತ ಕಾಣದ ಏಟು: ಆಟ ನಿಲ್ಲಿಸುವವರು ಯಾರು?

ವಿಜಯದಶಮಿಯ ದಿನ ಮೈಸೂರು ಅರಮನೆಯೊಳಗೆ ನಡೆಯುವ ವಜ್ರಮುಷ್ಟಿ ಕಾಳಗವನ್ನು ನಿಮ್ಮಲ್ಲಿ ಹಲವರು ಟಿವಿಯಲ್ಲೋ ಫೋನಿನಲ್ಲೋ ನೋಡಿರುತ್ತೀರಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಮಣ್ಣಿನ ಅಖಾಡಕ್ಕೆ ಇಳಿಯುತ್ತಾರೆ. ಮುಷ್ಟಿಯಲ್ಲಿ ಮೊನಚಾದ ಆಯುಧ. ಏನಾಯಿತು ಎಂದು ನೋಡುವಷ್ಟರಲ್ಲಿ ಒಬ್ಬರ ತಲೆಯಿಂದ ರಕ್ತ ಇಳಿಯುತ್ತದೆ. ಅಲ್ಲಿಗೆ ಕಾಳಗ ಮುಗಿಯಿತು. ಹಿರಿಯರು ನಡುವೆ ಬಂದು ಬಿಡಿಸುತ್ತಾರೆ. ಅದಾದ ಮೇಲೆ ರಾಜವಂಶಸ್ಥರ ವಿಜಯಯಾತ್ರೆ ಹೊರಡುತ್ತದೆ.

ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳು ಈ ಪದ್ಧತಿಯನ್ನು ಉಳಿಸಿಕೊಂಡು ಬಂದಿವೆ. ಇದು ಒರಟು ಕಾಳಗ ಎಂದು ಕೆಲವರಿಗೆ ಅನಿಸಬಹುದು. ಆದರೆ ಇದರೊಳಗೆ ಒಂದು ಗಟ್ಟಿ ನಿಯಮ ಇದೆ. ರಕ್ತ ಕಂಡರೆ ನಿಲ್ಲಿಸಬೇಕು. ಇನ್ನೊಂದು ಏಟು ಕೊಡುತ್ತೇನೆ ಎಂದು ಜಟ್ಟಿ ಹಟ ಮಾಡುವಂತಿಲ್ಲ, ಇನ್ನೂ ಸ್ವಲ್ಪ ನೋಡೋಣ ಎಂದು ಜನ ಕೂಗುವಂತಿಲ್ಲ.

ಈ ನಿಯಮಕ್ಕೆ ಒಂದು ಮಿತಿಯೂ ಇದೆ. ರಕ್ತ ಹರಿಯದೆ ತಲೆಯ ಒಳಗೆ ಪೆಟ್ಟಾದರೆ? ಆಗ ನಿಲ್ಲಿಸು ಎಂದು ಹೇಳುವವರು ಯಾರು? ಆಟದ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು. ಆ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇವೆ.

ಮಾತಿಲ್ಲದೆ ಹೊತ್ತೊಯ್ದವರು

ಸುಮಾರು 1520ರಲ್ಲಿ ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಕೃಷ್ಣದೇವರಾಯನ ಕಾಲದ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿಟ್ಟ. ಅಲ್ಲಿನ ಮಲ್ಲಯುದ್ಧ ತಮ್ಮ ದೇಶದ ಕುಸ್ತಿಯಂತಲ್ಲ, ಹಲ್ಲು ಮುರಿಯುವ, ಕಣ್ಣು ಹೋಗುವ ಹಾಗೆ ಹೊಡೆಯುತ್ತಾರೆ ಎನ್ನುತ್ತಾನೆ. ಮುಂದಿನ ಮಾತು ನಮ್ಮ ವಿಷಯಕ್ಕೆ ಮುಖ್ಯ. ಅಲ್ಲಲ್ಲಿ ಕೆಲವರನ್ನು ಮಾತೇ ಹೊರಡದ ಸ್ಥಿತಿಯಲ್ಲಿ ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರಂತೆ. ತಲೆಗೆ ಏಟು ಬಿದ್ದು ಮೆದುಳು ಅದುರಿದಾಗ ಹೀಗೆಯೇ ಆಗುತ್ತದೆ. ಐನೂರು ವರ್ಷದ ಹಿಂದೆಯೇ ಅದು ನಮ್ಮ ನೆಲದಲ್ಲಿ ಒಬ್ಬ ಹೊರಗಿನವನ ಕಣ್ಣಿಗೆ ಬಿದ್ದಿತ್ತು.

ಅವನ ನಂತರ ಬರೆದ ನೂನಿಜ್ ಎಂಬಾತ, ಕೈಯಲ್ಲಿ ಮೊನಚಾದ ಬಳೆಗಳನ್ನು ಹಿಡಿದು ಹೊಡೆದಾಡುವ ಮಲ್ಲರ ಬಗ್ಗೆ ಹೇಳುತ್ತಾನೆ. ಹೆಚ್ಚು ಗಾಯಗೊಂಡವನಿಗೆ ರೇಷ್ಮೆ ಬಟ್ಟೆಯ ಇನಾಮು ಸಿಗುತ್ತಿತ್ತಂತೆ.

ಮಹಾನವಮಿಯ ಸಂಪ್ರದಾಯವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಟಿಪ್ಪುವಿನ ಕಾಲದಲ್ಲಿ ಅಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರ್ರಿ ಎಂಬ ಇಂಗ್ಲಿಷ್ ಹುಡುಗ ಮುಂದೆ ತನ್ನ ನೆನಪುಗಳನ್ನು ಬರೆದಾಗ ಜಟ್ಟಿಗಳ ಬಗ್ಗೆಯೂ ಬರೆದ. ಬೋಳು ತಲೆ, ಎಣ್ಣೆ ಹಚ್ಚಿದ ಮೈ, ಬಲಗೈ ಗೆಣ್ಣುಗಳ ಮೇಲೆ ಉಕ್ಕಿನ ಉಗುರುಗಳು. ಆ ಪುಸ್ತಕ 1824ರಲ್ಲಿ ಅಚ್ಚಾಯಿತು.

ಮೈಸೂರಿನ ಹುಡುಗ, 2022

ಈಗ ನಮ್ಮ ಕಾಲಕ್ಕೆ ಬರೋಣ. 2022ರ ಜುಲೈ 10ರಂದು ಬೆಂಗಳೂರಿನಲ್ಲಿ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಪಂದ್ಯಾವಳಿ ನಡೆಯಿತು. ಮೈಸೂರಿನ 23 ವರ್ಷದ ಯುವಕ ಅಲ್ಲಿ ರಿಂಗಿಗೆ ಇಳಿದಿದ್ದ. ಎದುರಾಳಿಯ ಏಟಿಗೆ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಸೇರಿಸಿದರೂ ಎರಡು ದಿನಗಳ ನಂತರ ತೀರಿಹೋದ. ಆ ವಿಡಿಯೊ ಎಲ್ಲರ ಫೋನುಗಳಲ್ಲಿ ಓಡಾಡಿತು. ಸ್ಥಳದಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆಯೇ ಇರಲಿಲ್ಲ ಎಂದು ತಂದೆ ದೂರು ಕೊಟ್ಟರು. ಆಯೋಜಕರ ಮೇಲೆ ನಿರ್ಲಕ್ಷ್ಯದ ಕೇಸು ದಾಖಲಾಯಿತು.

ಯಾರ ತಪ್ಪು ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಮಗೆ ಕಾಡುವುದು ಬೇರೆ. ಹೊರಗೆ ಹೇಳಿಕೊಳ್ಳುವಂಥ ಗಾಯವಿಲ್ಲದೆ ಒಂದು ಏಟು ಹೇಗೆ ಜೀವ ತೆಗೆಯುತ್ತದೆ?

ಒಂದು ಡಬ್ಬಿಯಲ್ಲಿ ಗಟ್ಟಿ ಮೊಸರು ತುಂಬಿ ಮುಚ್ಚಳ ಹಾಕಿ ಜೋರಾಗಿ ಕುಲುಕಿ. ಡಬ್ಬಿಗೆ ಏನೂ ಆಗುವುದಿಲ್ಲ, ಒಳಗಿನ ಮೊಸರು ಒಡೆದುಹೋಗುತ್ತದೆ. ನಮ್ಮ ಮೆದುಳೂ ಅಷ್ಟೇ ಮೆತ್ತಗೆ. ಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ರಪ್ಪನೆ ತಿರುಗಿದಾಗ, ನೆಲಕ್ಕೆ ಬಡಿದಾಗ, ಮೆದುಳಿನ ಎಳೆಗಳು ಎಳೆದಾಡಿದಂತಾಗುತ್ತವೆ. ಇದಕ್ಕೆ ಕನ್‌ಕಷನ್ ಎನ್ನುತ್ತಾರೆ. ಕೆಲವೊಮ್ಮೆ ರಕ್ತನಾಳ ಹರಿದು ಬುರುಡೆಯೊಳಗೇ ರಕ್ತ ತುಂಬುತ್ತದೆ. ಎದ್ದು ಕುಳಿತು ನೀರು ಕುಡಿದವನು ಗಂಟೆಗಳ ನಂತರ ಪ್ರಜ್ಞೆ ತಪ್ಪುವುದು ಇದರಿಂದ. ಮೊದಲ ಏಟು ವಾಸಿಯಾಗುವ ಮೊದಲೇ ಎರಡನೆಯದು ಬಿದ್ದರೆ ಅಪಾಯ ಹೆಚ್ಚು.

ಶಿರಸ್ತ್ರಾಣ ಬಂತು, ಏಟು ಹೆಚ್ಚಾಯಿತು

ಈ ವಿಷಯದಲ್ಲಿ ಅತಿ ದೊಡ್ಡ ಬೆಲೆ ತೆತ್ತು ಪಾಠ ಕಲಿತ ಆಟ ಅಮೆರಿಕನ್ ಫುಟ್‌ಬಾಲ್. ಇದು ನಮ್ಮಲ್ಲಿ ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವವನನ್ನು ಎದುರಾಳಿಗಳು ಗುದ್ದಿ ಬೀಳಿಸಬೇಕು. ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿದು ಕೆಡವಿದಂತೆ, ಆದರೆ ಎರಡೂ ಕಡೆಯವರು ಓಡಿಬಂದು ಡಿಕ್ಕಿ ಹೊಡೆಯುತ್ತಾರೆ.

1905ರಲ್ಲಿ ಆ ಒಂದೇ ವರ್ಷ 18 ಹುಡುಗರು ಈ ಆಟದಲ್ಲಿ ಸತ್ತರು ಎಂದು ಅಲ್ಲಿನ ಪತ್ರಿಕೆ ಲೆಕ್ಕ ಕೊಟ್ಟಿತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದರು. ಮರುವರ್ಷ ನಿಯಮ ಬದಲಾಯಿತು. ಗುಂಪಾಗಿ ನುಗ್ಗುವುದು ಕಡಿಮೆಯಾಗಲಿ ಎಂದು ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಕೊಟ್ಟರು.

1928ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು ಬಾಕ್ಸರ್‌ಗಳ ಬಗ್ಗೆ ಒಂದು ಲೇಖನ ಬರೆದರು. ವರ್ಷಗಟ್ಟಲೆ ತಲೆಗೆ ಏಟು ತಿಂದವರು ಕುಡಿಯದೆಯೇ ಕುಡಿದವರಂತೆ ತೂರಾಡುತ್ತಾರೆ, ಮಾತು ತೊದಲುತ್ತದೆ ಎಂದು ಗುರುತಿಸಿದರು. ಫುಟ್‌ಬಾಲ್ ಆಟಗಾರರಿಗೂ ಹೀಗಾಗಬಹುದು ಎಂದು ಆ ಆಟದವರು ಒಪ್ಪಲು ಬಹಳ ದಶಕಗಳೇ ಬೇಕಾದವು.

ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ 1943ರಲ್ಲಿ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು. ಇನ್ನು ಚಿಂತೆಯಿಲ್ಲ ಎಂದು ಜನ ಅಂದುಕೊಂಡರು. ಆದರೆ ಶಿರಸ್ತ್ರಾಣ ಬುರುಡೆ ಒಡೆಯುವುದನ್ನು ತಡೆಯುತ್ತದೆ, ಒಳಗಿನ ಮೆದುಳು ಕುಲುಕುವುದನ್ನು ತಡೆಯುವುದಿಲ್ಲ. ಸಾಲದ್ದಕ್ಕೆ, ತಲೆಗೆ ಗಟ್ಟಿ ಕವಚ ಇದೆ ಎಂಬ ಧೈರ್ಯದಲ್ಲಿ ಆಟಗಾರರು ತಲೆಯಿಂದಲೇ ಗುದ್ದಲು ಶುರುಮಾಡಿದರು. 1968ರಲ್ಲಿ ಶಾಲೆ, ಕಾಲೇಜು ಸೇರಿ ಎಲ್ಲ ಹಂತಗಳಲ್ಲಿ ಆಟದ ಏಟಿನಿಂದಲೇ 36 ಮಂದಿ ಸತ್ತರು. 1976ರಲ್ಲಿ ಶಾಲೆ ಕಾಲೇಜುಗಳ ಆಟದಲ್ಲಿ ತಲೆಯಿಂದ ಗುದ್ದುವುದನ್ನು ನಿಷೇಧಿಸಿದರು, ಶಿರಸ್ತ್ರಾಣದ ಗುಣಮಟ್ಟಕ್ಕೂ ನಿಯಮ ಬಂತು. ಸಾವು ಇಳಿಯುತ್ತಾ ಹೋಗಿ 1990ರಲ್ಲಿ ಅಂಥ ಒಂದು ಸಾವೂ ಆಗಲಿಲ್ಲ.

ಸಾವು ಕಡಿಮೆಯಾಯಿತು, ಸರಿ. ಆದರೆ ಬದುಕಿ ಉಳಿದವರ ಗತಿ ಏನು?

2002ರಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಹೆಸರಾಂತ ಆಟಗಾರ 50ನೇ ವಯಸ್ಸಿಗೆ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ನೆನಪು ಕೆಟ್ಟು, ದುಡ್ಡೂ ಇಲ್ಲದೆ, ಒಮ್ಮೊಮ್ಮೆ ತಮ್ಮ ಗಾಡಿಯಲ್ಲೇ ಮಲಗುತ್ತಿದ್ದರು. ನೈಜೀರಿಯಾದಿಂದ ಬಂದು ಪಿಟ್ಸ್‌ಬರ್ಗ್‌ನಲ್ಲಿ ಶವಪರೀಕ್ಷೆ ವೈದ್ಯರಾಗಿದ್ದ ಬೆನೆಟ್ ಒಮಾಲು ಅವರ ಮೆದುಳನ್ನು ಪರೀಕ್ಷಿಸಿದರು. ಬರಿಗಣ್ಣಿಗೆ ಮೆದುಳು ಚೆನ್ನಾಗಿಯೇ ಇತ್ತು. ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ ಟಾವ್ ಎಂಬ ಪ್ರೋಟೀನು ಗಂಟುಗಂಟಾಗಿ ಕಟ್ಟಿಕೊಂಡಿತ್ತು. ಸಿಟಿಇ ಎಂದು ಕರೆಯುವ ಈ ಕಾಯಿಲೆ ಒಂದು ದೊಡ್ಡ ಏಟಿನಿಂದ ಬರುವುದಲ್ಲ. ಪ್ರತಿ ವರ್ಷ ನೂರಾರು ಸಣ್ಣ ಏಟುಗಳು ಸೇರಿ ಬರುವಂಥದ್ದು. ಇವತ್ತಿಗೂ ಇದನ್ನು ಖಚಿತವಾಗಿ ಹೇಳಲು ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿಯೇ ನೋಡಬೇಕು.

ಒಮಾಲು 2005ರಲ್ಲಿ ಇದನ್ನು ಪ್ರಕಟಿಸಿದಾಗ, ಲೀಗಿನ ವೈದ್ಯರ ಸಮಿತಿ ಲೇಖನವನ್ನು ಹಿಂದಕ್ಕೆ ಪಡೆಯಿರಿ ಎಂದು ಒತ್ತಾಯಿಸಿತು. ಆಟಗಾರರ ಮೆದುಳಿನ ಬಗ್ಗೆ ಹೇಳಬೇಕಾದ ಸಮಿತಿಯನ್ನು ಆಟ ನಡೆಸುವವರೇ ನೇಮಿಸಿದ್ದರು. ಹೊಲ ಮೇಯುವ ಬೇಲಿಯ ಗಾದೆ ನಿಮಗೆ ನೆನಪಾಗಬಹುದು. ಮುಂದೆ 4,500ಕ್ಕೂ ಹೆಚ್ಚು ಮಾಜಿ ಆಟಗಾರರು ಕೋರ್ಟಿಗೆ ಹೋದರು. 2013ರಲ್ಲಿ ಲೀಗ್ ತಪ್ಪು ಒಪ್ಪಿಕೊಳ್ಳದೆ 76.5 ಕೋಟಿ ಡಾಲರ್ ಕೊಡಲು ರಾಜಿಯಾಯಿತು, ಆಮೇಲೆ ಆ ಮಿತಿಯನ್ನೂ ತೆಗೆಯಬೇಕಾಯಿತು. ಆಟಕ್ಕೂ ಈ ಕಾಯಿಲೆಗೂ ಸಂಬಂಧ ಇದೆ ಎಂದು ಲೀಗಿನ ಒಬ್ಬ ಹಿರಿಯ ಅಧಿಕಾರಿ ಸಂಸದರ ಎದುರು ಒಪ್ಪಿದ್ದು 2016ರಲ್ಲಿ.

2013ರಿಂದ ತಂಡಕ್ಕೆ ಸೇರದ ನರರೋಗ ತಜ್ಞರನ್ನು ಮೈದಾನದ ಅಂಚಿನಲ್ಲಿ ನಿಲ್ಲಿಸುತ್ತಾರೆ. ಅಷ್ಟಿದ್ದರೂ 2022ರ ಸೆಪ್ಟೆಂಬರ್‌ನಲ್ಲಿ ಟುವಾ ಟಾಗೊವೈಲೊವಾ ಎಂಬ ಆಟಗಾರ ತಲೆ ನೆಲಕ್ಕೆ ಬಡಿದು ತೂರಾಡಿದ. ಬೆನ್ನು ನೋವು ಎಂದು ಹೇಳಿ ಮತ್ತೆ ಆಡಿಸಿದರು. ನಾಲ್ಕು ದಿನಗಳ ನಂತರದ ಪಂದ್ಯದಲ್ಲಿ ಮತ್ತೆ ಏಟು ಬಿದ್ದು ಸ್ಟ್ರೆಚರ್ ಮೇಲೆ ಹೋದ. ಮುಂದಿನ ತಿಂಗಳೇ ನಿಯಮ ತಿದ್ದಿದರು. ಏಟು ಬಿದ್ದ ಮೇಲೆ ತೂರಾಡಿದರೆ ಆ ದಿನ ಮತ್ತೆ ಆಟ ಇಲ್ಲ, ಕಾರಣ ಏನೇ ಹೇಳಲಿ.

ಶ್ರೀನಾಥ್ ಮುಂದೆ ಬಂದ ಅರ್ಜಿ

ನಮಗೆಲ್ಲ ಹತ್ತಿರದ ಆಟ ಕ್ರಿಕೆಟ್. 1962ರಲ್ಲಿ ಬಾರ್ಬಡೋಸ್‌ನಲ್ಲಿ ಭಾರತದ ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಚಾರ್ಲಿ ಗ್ರಿಫಿತ್ ಚೆಂಡು ಬಡಿದು ಬುರುಡೆ ಒಡೆಯಿತು. ಎದುರಾಳಿ ನಾಯಕ ಫ್ರಾಂಕ್ ವೊರೆಲ್ ರಕ್ತ ಕೊಟ್ಟರು. ಕಾಂಟ್ರಾಕ್ಟರ್ ಬದುಕಿದರು, ಆದರೆ ಮತ್ತೆ ಟೆಸ್ಟ್ ಆಡಲಿಲ್ಲ. 1998ರಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಹತ್ತಿರದಲ್ಲಿ ಫೀಲ್ಡಿಂಗ್ ಮಾಡುತ್ತಿದ್ದ ರಮಣ್ ಲಾಂಬಾಗೆ ಚೆಂಡು ಬಡಿಯಿತು. ಎದ್ದು ನಡೆದುಕೊಂಡೇ ಹೋದರು, ಮೂರು ದಿನಕ್ಕೆ ತೀರಿಕೊಂಡರು. 2014ರಲ್ಲಿ ಆಸ್ಟ್ರೇಲಿಯದ ಫಿಲಿಪ್ ಹ್ಯೂಸ್ ಸತ್ತ ಮೇಲೆ ಜಗತ್ತು ಎಚ್ಚೆತ್ತಿತು. 2019ರ ಆಗಸ್ಟ್‌ನಿಂದ ಐಸಿಸಿ ಹೊಸ ನಿಯಮ ತಂದಿತು. ತಲೆಗೆ ಏಟು ಬಿದ್ದವನ ಬದಲು ಅಂಥದ್ದೇ ಇನ್ನೊಬ್ಬ ಆಟಗಾರ ಪೂರ್ತಿ ಆಡಬಹುದು. ತಂಡದ ವೈದ್ಯರು ಕೇಳಬೇಕು, ಮ್ಯಾಚ್ ರೆಫರಿ ಒಪ್ಪಬೇಕು.

2025ರ ಜನವರಿ 31ರಂದು ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧದ ಟಿ20ಯಲ್ಲಿ ಶಿವಂ ದುಬೆ ಹೆಲ್ಮೆಟ್ಟಿಗೆ ಚೆಂಡು ಬಡಿಯಿತು. ಬದಲಿಗೆ ವೇಗಿ ಹರ್ಷಿತ್ ರಾಣಾ ಬಂದು ಮೂರು ವಿಕೆಟ್ ತೆಗೆದರು, ಭಾರತ ಗೆದ್ದಿತು. ಇದು ಸಮನಾದ ಬದಲಿ ಅಲ್ಲ ಎಂದು ಇಂಗ್ಲೆಂಡ್ ನಾಯಕ ಜೋಸ್ ಬಟ್ಲರ್ ಸಿಟ್ಟಾದರು. ಅದನ್ನು ಒಪ್ಪಿದ ಮ್ಯಾಚ್ ರೆಫರಿ ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್. ಬದಲಿ ಸರಿಯೇ ಎಂಬ ಚರ್ಚೆ ನಡೆಯಲಿ. ಆದರೆ ಬದಲಿ ಇದ್ದರೆ ಮಾತ್ರ ಏಟು ತಿಂದವನು ತಂಡಕ್ಕೆ ನಷ್ಟ ಎಂಬ ಅಳುಕಿಲ್ಲದೆ ಹೊರಗೆ ಕೂರಬಲ್ಲ.

ನಮ್ಮೂರ ಮೈದಾನದಲ್ಲಿ

ಈ ಎಲ್ಲ ಕಥೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಆಟಗಾರ ತಾನಾಗಿ ನಿಲ್ಲಿಸುವುದಿಲ್ಲ. ಅವನಿಗೆ ಮರ್ಯಾದೆಯ ಪ್ರಶ್ನೆ, ಮೇಲಾಗಿ ಪೆಟ್ಟಾಗಿರುವುದು ಯೋಚಿಸುವ ಅಂಗಕ್ಕೇ. ಆಯೋಜಕನಿಗೆ ಪಂದ್ಯ ಮುಗಿಯಬೇಕು, ಜನಕ್ಕೆ ಮಜಾ ಬೇಕು. ಆದ್ದರಿಂದ ಸೋಲು ಗೆಲುವಿನಲ್ಲಿ ಪಾಲಿಲ್ಲದ ಒಬ್ಬರ ಕೈಯಲ್ಲಿ ನಿಲ್ಲಿಸುವ ಅಧಿಕಾರ ಇರಬೇಕು. ಜಟ್ಟಿಗಳ ಅಖಾಡದಲ್ಲಿ ಆ ಹಿರಿಯರು ಇದ್ದಾರೆ. ಎಚ್.ಡಿ. ಕೋಟೆಯಲ್ಲೋ ಹುಣಸೂರಿನಲ್ಲೋ ಲೈಟು ಹಾಕಿ ನಡೆಸುವ ಕಬಡ್ಡಿಯಲ್ಲಿ, ಜಾತ್ರೆಯ ಕುಸ್ತಿಯಲ್ಲಿ ಯಾರಿದ್ದಾರೆ?

ಪಂದ್ಯಾವಳಿಯ ಕರಪತ್ರದಲ್ಲಿ ಬಹುಮಾನದ ಮೊತ್ತ, ಅತಿಥಿಗಳ ಹೆಸರು, ಪ್ರವೇಶ ಶುಲ್ಕ ಎಲ್ಲ ಇರುತ್ತದೆ. ಅದರ ಜೊತೆಗೆ, ತಲೆಗೆ ಏಟು ಬಿದ್ದರೆ ಯಾರ ಮಾತು ಕೊನೆಯದು ಎಂಬ ಒಂದು ಸಾಲನ್ನೂ ಸೇರಿಸಿ. ತಲೆಯ ಸ್ಕ್ಯಾನ್ ಮಾಡುವ ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ದೂರ ಎಂದು ಮೊದಲೇ ವಿಚಾರಿಸಿಡಿ.

ಏಟು ಬಿದ್ದವನು ಕ್ಷಣಕಾಲ ಪ್ರಜ್ಞೆ ತಪ್ಪಿದ್ದರೂ, ತೂರಾಡಿದರೂ, ಸ್ಕೋರು ಎಷ್ಟು ಎಂದು ಕೇಳಿದರೆ ತಡವರಿಸಿದರೂ ಅವತ್ತು ಮತ್ತೆ ಆಡಿಸಬೇಡಿ, ವೈದ್ಯರಿಗೆ ತೋರಿಸಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಲಾಗದ ನಿದ್ದೆ, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು ಕಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬೇಡಿ, ಕತ್ತು ಅಲುಗಾಡಿಸಿ ಎತ್ತಬೇಡಿ. ಚೆನ್ನಾಗಿದ್ದೇನೆ ಎಂದು ಮನೆಗೆ ಹೋದವನನ್ನೂ ಆ ರಾತ್ರಿ ಒಬ್ಬನೇ ಮಲಗಲು ಬಿಡಬೇಡಿ.