ಗಾಲಿಯ ನಡುಕ

ಮೋಟಾರಿನ ವೇಗ ಗಂಟೆಗೆ 80 ಕಿಲೋಮೀಟರನ್ನು ದಾಟಿತೆಂದರೆ ಸ್ಟಿಯರಿಂಗ್ ಹಿಡಿದ ಕೈ ನಡುಗತೊಡಗುವುದುಂಟು. ಊರೊಳಗೆ ಸಾಧುವಾಗಿದ್ದ ಗಾಡಿಗೆ ಹೆದ್ದಾರಿಗೆ ಬಂದೊಡನೆ ಚಳಿಜ್ವರ! ಟಯರು ಬದಲಾಯಿಸಿದರೆ ಅನೇಕ ವೇಳೆ ಅದು ನಿಲ್ಲುತ್ತದೆ. ಇದರಲ್ಲೊಂದು ವಿನೋದವಿದೆ: ನಡುಕವನ್ನು ಕಳೆಯಲೆಂದೇ ಹುಟ್ಟಿದ ವಸ್ತು ಈ ಟಯರು.

ಗಾಳಿ ತುಂಬಿದ ಗಾಲಿಯ ಕಲ್ಪನೆ ಮೋಟಾರಿಗಿಂತ ಹಳೆಯದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಅದಕ್ಕೆ ಪೇಟೆಂಟು ಪಡೆದಾಗ ಅವನಿಗೆ 23 ವರ್ಷ. ರಬ್ಬರು ಬಳಿದ ಬಟ್ಟೆಯ ಕೊಳವೆ, ಅದರ ಮೇಲೆ ತೊಗಲಿನ ಹೊದಿಕೆ, ಎಳೆಯುವುದಕ್ಕೆ ಕುದುರೆ. ಬಂಡಿ ಹಗುರವಾಗಿ, ಸದ್ದಿಲ್ಲದೆ, ಕುಲುಕದೆ ಸಾಗಬೇಕೆಂಬುದು ಅವನ ಬಯಕೆ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಅದನ್ನು ಓಡಿಸಿಯೂ ತೋರಿಸಿದ. ಜನ ನೋಡಿದರು, ಮರೆತರು. ಬಳಿಕ ಬಂದ ಕಬ್ಬಿಣದ ಪಟ್ಟಿಯ ಸೈಕಲ್ಲಿಗೆ ಇಂಗ್ಲಿಷರು ‘ಮೂಳೆ ಅಲುಗಿಸುವ ಗಾಡಿ’ ಎಂದೇ ಹೆಸರಿಟ್ಟು, ಅದನ್ನೇ ತುಳಿದರು.

ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗೆ ಗಾಳಿಯ ಕೊಳವೆ ಸುತ್ತಿ, 1888ರಲ್ಲಿ ಪೇಟೆಂಟು ಪಡೆದ. ಎರಡು ವರ್ಷಕ್ಕೆ ಥಾಮ್ಸನ್ನನ ಹಳೆಯ ಕಾಗದ ಹೊರಬಿದ್ದು ಅದು ಅಸಿಂಧುವಾಯಿತು. ಥಾಮ್ಸನ್ ಆ ವೇಳೆಗೆ ತೀರಿಕೊಂಡು 17 ವರ್ಷ. ಡನ್‌ಲಪ್ ಕದ್ದನೆನ್ನುವುದು ಸಲ್ಲದು. ಸೈಕಲ್ಲಿನ ಕಾಲ ಬಂದಿತ್ತು, ಅವನ ಅದೃಷ್ಟ ಕೂಡಿಬಂತು. ಆದರೆ ಮೊದಲಿಗನ ಹೆಸರು ಇಂದಿಗೂ ಮಕ್ಕಳ ಪಠ್ಯದಲ್ಲಿ ಅಪರೂಪವೆಂಬುದು ನ್ಯಾಯವಲ್ಲ.

1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಪಂದ್ಯದಲ್ಲಿ ಮಿಶೆಲಿನ್ ಸಹೋದರರು ಗಾಳಿ ಟಯರನ್ನು ಮೋಟಾರಿಗೆ ತೊಡಿಸಿದರು. ದಾರಿಯುದ್ದಕ್ಕೂ ಪಂಕ್ಚರು. ಗಟ್ಟಿ ರಬ್ಬರಿನ ಗಾಲಿಯ ಲೆವಾಸೋರ್ ಎಷ್ಟೋ ಮೊದಲೇ ಮುಟ್ಟಿದ. ಆದರೂ ಮುಂದಿನ ಕಾಲ ಸೋತವರದೇ ಆಯಿತು.

ಇಲ್ಲಿಂದ ಕತೆ ತಿರುಗುತ್ತದೆ. 1920ರ ದಶಕದಲ್ಲಿ ಅಗಲವಾದ, ಕಡಿಮೆ ಒತ್ತಡದ ‘ಬಲೂನು’ ಟಯರು ಬಂತು. ಹಳ್ಳದಿಣ್ಣೆಯ ಪೆಟ್ಟು ತಗ್ಗಿತು. ಆದರೆ ವೇಗದಲ್ಲಿ ಮುಂದಿನ ಗಾಲಿಗಳು ತಾವೇ ಎಡಬಲಕ್ಕೆ ತೊನೆಯತೊಡಗಿದವು. ರಸ್ತೆ ಕೊಡುತ್ತಿದ್ದ ನಡುಕವನ್ನು ಓಡಿಸಿದರೆ ಗಾಲಿಯೇ ನಡುಕವನ್ನು ಹುಟ್ಟಿಸಿತು. ಆಗ ಗಾಲಿಯ ಸಮತೋಲಕ್ಕೆ ಬೆಲೆ ಬಂತು. ಲೆಕ್ಕ ಸರಳವಾದುದು: ವೇಗ ಇಮ್ಮಡಿಯಾದರೆ ಅಸಮತೋಲದ ಬಲ ನಾಲ್ಮಡಿ. ರಿಮ್ಮಿನ ಅಂಚಿನಲ್ಲಿ 20 ಗ್ರಾಂ ಹೆಚ್ಚಿದ್ದರೆ ಸಾಧಾರಣ ಕಾರಿನಲ್ಲಿ, 100 ಕಿಲೋಮೀಟರು ವೇಗಕ್ಕೆ, ಸುಮಾರು 3 ಕಿಲೋ ತೂಕದ ಸೆಳೆತ ಸೆಕೆಂಡಿಗೆ ಹದಿನೈದು ಬಾರಿ ಸುತ್ತುತ್ತದೆ. ಊರ ಬೀದಿಯಲ್ಲಿ ಗಾಡಿ ಏಕೆ ಸಾಧುವೆಂಬುದು ಇದರಿಂದ ತಿಳಿದೀತು. ಚೂರು ಸೀಸ ಅಂಟಿಸಿದರೆ ಸಾಕು, ವಾಸಿ.

ಬಳಿಕ ನೈಲಾನು ನೂಲಿನ ಟಯರು ಬಂತು. ಬಲು ಗಟ್ಟಿ, ಆದರೆ ರಾತ್ರಿ ನಿಂತಲ್ಲೇ ತಳ ಚಪ್ಪಟೆಯಾಗಿ, ಬೆಳಗ್ಗೆ ಬಿಸಿಯೇರುವವರೆಗೆ ಧಡ್ ಧಡ್ ಎನ್ನುತ್ತಿತ್ತು. ಮಿಶೆಲಿನ್ ಸಂಸ್ಥೆ 1946ರಲ್ಲಿ ಪೇಟೆಂಟು ಪಡೆದ ರೇಡಿಯಲ್ ಟಯರಿನಲ್ಲಿ ನೂಲು ಅಡ್ಡಲಾಗಿ ಹಾಯುತ್ತದೆ. ಮೇಲ್ಮೈಯಡಿ ಉಕ್ಕಿನ ತಂತಿಯ ಪಟ್ಟಿ. ಬಾಳಿಕೆ ಹೆಚ್ಚು, ಓಟ ನೆಮ್ಮದಿ. ಆದರೆ ಪಟ್ಟಿಯ ಅಂಟು ಒಳಗೊಳಗೇ ಬಿಟ್ಟರೆ ಗಾಲಿಯ ಮೈ ಒಂದೆಡೆ ಉಬ್ಬುತ್ತದೆ. ಅದಕ್ಕೆ ಸೀಸದ ಚೂರು ಮದ್ದಲ್ಲ. ಸವೆತ ಕಾಣದಿದ್ದರೂ ಆ ಟಯರನ್ನು ಕಳಚಿ ಹೊಸದನ್ನು ಹಾಕಲೇಬೇಕು, ಅದೂ ಹೆದ್ದಾರಿಗೆ ಇಳಿಯುವ ಮೊದಲೇ.