ಆಟದ ಡಬ್ಬಿ ವಾದ್ಯವಾದ ಕಥೆ

ಇಂಗ್ಲಿಷಿನ ‘ಪ್ಲೇ’ ಎಂಬ ಒಂದೇ ಮಾತು ಮಾಡುವ ಕೆಲಸಕ್ಕೆ ನಮಗೆ ಮೂರು ಮಾತು ಬೇಕು. ಆಟವನ್ನು ಆಡುತ್ತೇವೆ, ವೀಣೆಯನ್ನು ನುಡಿಸುತ್ತೇವೆ, ಟೇಪ್ ರೆಕಾರ್ಡರಿನಲ್ಲಿ ಹಾಡು ಹಾಕುತ್ತೇವೆ. ಹಾಡು ಹಾಕುವವನನ್ನು ಯಾರೂ ಸಂಗೀತಗಾರ ಎನ್ನುವುದಿಲ್ಲ. ಗೇಮ್ ಬಾಯ್ ಎಂಬ ಜಪಾನಿನ ಪುಟ್ಟ ಯಂತ್ರದ ಬಗ್ಗೆ ಓದುವಾಗೆಲ್ಲ ನನಗೆ ಈ ಮೂರು ಕ್ರಿಯಾಪದಗಳು ನೆನಪಾಗುತ್ತವೆ. ಆಡಲೆಂದು ಹುಟ್ಟಿದ ಆ ಯಂತ್ರ ಮುಂದೆ ಹಾಡು ಹಾಕುವ ಡಬ್ಬಿಯೂ ಆಯಿತು, ನುಡಿಸುವ ವಾದ್ಯವೂ ಆಯಿತು. ಎರಡೂ ಒಂದೇ ಅಲ್ಲ.

ಗೇಮ್ ಬಾಯ್ ಮಾರುಕಟ್ಟೆಗೆ ಬಂದದ್ದು 1989ರ ಏಪ್ರಿಲ್‌ನಲ್ಲಿ. ಅದರ ಹಿಂದಿದ್ದವರು ನಿಂಟೆಂಡೊ ಕಂಪನಿಯ ಗುನ್‌ಪೇ ಯೊಕೊಯ್. ಆ ಕಂಪನಿ ಇನ್ನೂ ಇಸ್ಪೀಟಿನಂಥ ಹನಾಫುಡಾ ಎಲೆಗಳನ್ನು ಮಾಡುತ್ತಿದ್ದ 1965ರಲ್ಲಿ ಯಂತ್ರಗಳ ರಿಪೇರಿಗೆಂದು ಸೇರಿದ ಮನುಷ್ಯ ಅವರು. ಹೊಸ ತಂತ್ರಜ್ಞಾನದ ಹಿಂದೆ ಓಡಬಾರದು, ಎಲ್ಲರೂ ಬಳಸಿ ಬಳಸಿ ಅಗ್ಗವಾದ, ಪಳಗಿದ ತಂತ್ರಜ್ಞಾನವನ್ನೇ ಹಿಡಿದು ಅದಕ್ಕೆ ಬೇರೊಂದು ದಾರಿ ತೋರಿಸಬೇಕು ಎನ್ನುವುದು ಅವರ ನಂಬಿಕೆ. ಅದೇ ಹೊತ್ತಿಗೆ ಬೇರೆ ಕಂಪನಿಗಳು ಬಣ್ಣದ ಪರದೆಯ ಯಂತ್ರಗಳನ್ನು ತಂದವು. ಅವು ಬ್ಯಾಟರಿಯನ್ನು ಕಡಲೆಪುರಿಯಂತೆ ತಿನ್ನುತ್ತಿದ್ದವು. ಪಾಚಿ ಬಣ್ಣದ ಮಂಕು ಪರದೆಯ ಗೇಮ್ ಬಾಯ್ ನಾಲ್ಕು ಪೆನ್‌ಟಾರ್ಚ್ ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಗೆದ್ದದ್ದು ಅದೇ. ಮುಂದಿನ ಬಣ್ಣದ ಆವೃತ್ತಿಯೂ ಸೇರಿ 11 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ನಮ್ಮ ಕಡೆಯ ಮಕ್ಕಳ ಕೈಗೆ ಅದು ಬಂದದ್ದು ಕಡಿಮೆ. ಜಾತ್ರೆಯಲ್ಲಿ ಸಿಗುತ್ತಿದ್ದ, ಇಟ್ಟಿಗೆ ಜೋಡಿಸುವ ಅಗ್ಗದ ವಿಡಿಯೋ ಗೇಮೇ ನಮ್ಮ ಪಾಲಿಗೆ ಗೇಮ್ ಬಾಯ್ ಆಗಿತ್ತು. ಅದರ ಕೀರಲು ದನಿಗೆ ಮನೆಯ ಹಿರಿಯರು ಬೈಯುತ್ತಿದ್ದದ್ದು ಹಲವರಿಗೆ ನೆನಪಿರಬಹುದು.

ಈಗ ಸದ್ದಿನ ವಿಷಯ. ಗೇಮ್ ಬಾಯ್‌ಗೆ ಇದ್ದದ್ದು ನಾಲ್ಕೇ ಕೊರಳು. ಮೊದಲ ಎರಡು ಚೌಕಾಕಾರದ ಅಲೆಯನ್ನು ಹೊರಡಿಸುತ್ತವೆ: ಒರಟು, ಚೂಪು, ಸ್ವಲ್ಪ ಪುಂಗಿಯಂತೆ. ನಾಲ್ಕನೆಯದಕ್ಕೆ ಸ್ವರವೇ ಇಲ್ಲ, ಬರೀ ಸುಯ್ಯೆನ್ನುವ ಗದ್ದಲ. ಅದನ್ನೇ ಚಿಕ್ಕದಾಗಿ ಕತ್ತರಿಸಿದರೆ ಡ್ರಮ್ಮಿನ ಪೆಟ್ಟಾಗುತ್ತದೆ. ಕುತೂಹಲದ್ದು ಮೂರನೆಯ ಕೊರಳು. ಅಲೆ ಹೇಗಿರಬೇಕೆಂದು ಅಲ್ಲಿ ನಾವೇ ಬರೆಯಬಹುದು, 32 ಬಿಂದುಗಳಲ್ಲಿ, ಒಂದೊಂದಕ್ಕೆ 16 ಎತ್ತರಗಳಲ್ಲಿ ಒಂದನ್ನು ಆರಿಸಿ. ಅಂದರೆ ನಾದದ ಆಕಾರವನ್ನೇ ರಂಗೋಲಿಯ ಹಾಗೆ ಚುಕ್ಕಿಯಿಟ್ಟು ಗೆರೆ ಎಳೆಯುವುದು. ಇಷ್ಟರಲ್ಲೇ ಸಂಗೀತ ಸಂಯೋಜಕರು ಸಂಸಾರ ತೂಗಿಸಬೇಕಿತ್ತು. ಮೂರು ಸ್ವರ ಒಟ್ಟಿಗೆ ಬೇಕೆನಿಸಿದರೆ ಅಷ್ಟು ಕೊರಳು ಎಲ್ಲಿಂದ ತರುವುದು? ಒಂದೇ ಕೊರಳಲ್ಲಿ ಮೂರನ್ನೂ ಸರಸರನೆ ಒಂದರ ಹಿಂದೊಂದು ಓಡಿಸಿದರು. ಕಿವಿ ಮೋಸಹೋಯಿತು. ಆ ನಡುಗುವ ಗುಂಗು ಕೇಳಿದರೆ ಇಂದಿಗೂ ಇದು ವಿಡಿಯೋ ಗೇಮಿನ ಸಂಗೀತ ಎಂದು ಯಾರಾದರೂ ಹೇಳುತ್ತಾರೆ. ಬಡತನದ ಉಪಾಯವೊಂದು ಶೈಲಿಯೇ ಆಗಿಬಿಟ್ಟಿತ್ತು.

ಯಂತ್ರದ ಪುಟ್ಟ ಸ್ಪೀಕರಿನಲ್ಲಿ ಇದೆಲ್ಲ ಸಣ್ಣಗೆ ಕೇಳುತ್ತಿತ್ತು. ಹೆಡ್‌ಫೋನ್ ಸಿಕ್ಕಿಸಿದರೆ ಮಾತ್ರ ಎಡ ಬಲ ಎರಡೂ ಕಡೆ ಬಿಡಿಬಿಡಿಯಾಗಿ, ದಪ್ಪನಾಗಿ ತೆರೆದುಕೊಳ್ಳುತ್ತಿತ್ತು. ಆಟ ಆಡದೆ ಬರೀ ಅದರ ಹಾಡಿಗೋಸ್ಕರ ಯಂತ್ರವನ್ನು ಹೊತ್ತಿಸಿಟ್ಟುಕೊಂಡ ಹುಡುಗರು ಎಷ್ಟೋ. ಅವರೇ ಇದನ್ನು ಮೊದಲು ಸಂಗೀತದ ಡಬ್ಬಿ ಮಾಡಿಕೊಂಡವರು ಎಂದು ನಾನು ಎಣಿಸುತ್ತೇನೆ, ಚರಿತ್ರೆ ಅವರನ್ನು ಲೆಕ್ಕಕ್ಕಿಡದಿದ್ದರೂ.

ಲೆಕ್ಕಕ್ಕೆ ಸಿಗುವ ಹೆಸರುಗಳು ಯುರೋಪಿನವು. 1998ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಕಲಾಶಾಲೆಯ ವಿದ್ಯಾರ್ಥಿ ಆಲಿವರ್ ವಿಟ್‌ಷೋ ‘ನ್ಯಾನೋಲೂಪ್’ ಎಂಬ ತಂತ್ರಾಂಶ ಬರೆದರು. ಅದರ ಕಾರ್ಟ್ರಿಜ್ ತುರುಕಿದರೆ ಪರದೆಯ ಮೇಲೆ ಆಟವಿಲ್ಲ, ಚೌಕದ ಮನೆಗಳು. ಮನೆ ತುಂಬಿದಂತೆ ತಾಳ ಸುತ್ತುತ್ತದೆ. ಎರಡು ವರ್ಷದೊಳಗೆ ಸ್ವೀಡನ್ನಿನ ಯೋಹಾನ್ ಕೊಟ್ಲಿನ್‌ಸ್ಕಿ ‘ಲಿಟಲ್ ಸೌಂಡ್ ಡಿಜೆ’ ತಂದರು. ಅದರ ಪರದೆ ನೋಡಿದರೆ ಸಂಗೀತ ಅನ್ನಿಸುವುದೇ ಇಲ್ಲ, ಮಗ್ಗಿ ಪುಸ್ತಕ ಅನ್ನಿಸುತ್ತದೆ. 16 ಹೆಜ್ಜೆಗಳ ತುಣುಕು, ತುಣುಕುಗಳ ಸರಪಳಿ, ಸರಪಳಿಗಳು ಸೇರಿ ಹಾಡು. ಎಲ್ಲವನ್ನೂ ಬೆರಳೆಣಿಕೆಯ ಗುಂಡಿಗಳಲ್ಲೇ ಬರೆಯಬೇಕು. ಒಮ್ಮೆ ಕೈಗೆ ಹತ್ತಿದರೆ ಬಸ್ಸಿನಲ್ಲಿ ಕೂತು ಹಾಡು ಕಟ್ಟಬಹುದು.

ಮುಂದಿನದು ಬೆಸುಗೆಯ ಕೆಲಸ. ಯಂತ್ರದ ಒಳಗಿನ ಆಂಪ್ಲಿಫೈಯರ್ ಸದ್ದಿಗೆ ಗೊರಗೊರ ಸೇರಿಸುತ್ತದೆಂದು, ಅದಕ್ಕೂ ಮೊದಲೇ ತಂತಿ ಎಳೆದು ನೇರವಾಗಿ ಹೊರತಂದರು. ಪರದೆಗೆ ಹಿಂಬೆಳಕು ಕೂರಿಸಿದರು. ಎರಡು ಯಂತ್ರಗಳನ್ನು ಕೇಬಲ್ಲಿನಿಂದ ಬೆಸೆದು ಒಂದೇ ತಾಳಕ್ಕೆ ನಡೆಸಿದರು. 1989ರ ದಪ್ಪ ಮಾದರಿಯಲ್ಲಿ ಕೆಳಸ್ಥಾಯಿ ಚೆನ್ನ ಎಂದು ಹೊಸದನ್ನು ಬಿಟ್ಟು ಅದನ್ನೇ ಹುಡುಕಿ ಕೊಂಡರು. ಸೆಕ್ಸ್ ಪಿಸ್ಟಲ್ಸ್ ತಂಡದ ಮ್ಯಾನೇಜರ್ ಆಗಿದ್ದ ಮ್ಯಾಲ್ಕಂ ಮ್ಯಾಕ್‌ಲಾರೆನ್ 2003ರಲ್ಲಿ ‘ವೈರ್ಡ್’ ಪತ್ರಿಕೆಯಲ್ಲಿ ಇದನ್ನು ಹೊಸ ಪಂಕ್ ಎಂದು ಹೊಗಳಿ ಬರೆದರು. ವರ್ಷಗಟ್ಟಲೆ ಗುಂಡಿ ಒತ್ತಿದವರಲ್ಲಿ ಕೆಲವರಿಗೆ ಈ ಹೊರಗಿನ ನಾಮಕರಣ ಹಿಡಿಸಲಿಲ್ಲ. 2006ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ ಸಂಗೀತಕ್ಕೆಂದೇ ‘ಬ್ಲಿಪ್ ಫೆಸ್ಟಿವಲ್’ ಶುರುವಾಯಿತು.

ಕಂಪನಿಯ ಕಣ್ಣು ಬೇರೆ ಕಡೆ ಇತ್ತು. 2001ರ ಅಕ್ಟೋಬರಿನಲ್ಲಿ ಐಪಾಡ್ ಬಂದಿತ್ತು. ಹಾಡುಗಳನ್ನು ಜೇಬಿನಲ್ಲಿಟ್ಟುಕೊಳ್ಳುವ ಹಂಬಲ ಎಲ್ಲರಿಗೂ ಹತ್ತಿತ್ತು. 2004ರ ಕೊನೆಯಲ್ಲಿ ಸೋನಿಯ ಪಿಎಸ್‌ಪಿ ಆಟದ ಜೊತೆಗೆ ಹಾಡು, ಸಿನಿಮಾ ಎಲ್ಲವನ್ನೂ ಹೊತ್ತು ಬಂತು. 2005ರ ಫೆಬ್ರುವರಿಯಲ್ಲಿ ನಿಂಟೆಂಡೊ ಜಪಾನಿನಲ್ಲಿ ‘ಪ್ಲೇ-ಯಾನ್’ ಎಂಬ ಕಾರ್ಟ್ರಿಜ್ ಮಾರಿತು. ಎಸ್‌ಡಿ ಕಾರ್ಡಿಗೆ ಎಂಪಿ3 ತುಂಬಿ, ಗೇಮ್ ಬಾಯ್ ಅಡ್ವಾನ್ಸ್‌ಗೆ ಅದನ್ನು ಸಿಕ್ಕಿಸಿದರೆ ಹಾಡು ಬರುತ್ತದೆ. ಆದರೆ ಎಂಪಿ3ಯ ಗಂಟು ಬಿಚ್ಚುವ ಚಿಪ್ಪು ಕಾರ್ಟ್ರಿಜ್ಜಿನೊಳಗೇ ಇತ್ತು. ಹೆಡ್‌ಫೋನಿನ ತೂತೂ ಅದರಲ್ಲೇ, ಏಕೆಂದರೆ ಆಗಿನ ಎಸ್‌ಪಿ ಮಾದರಿಯಲ್ಲಿ ಕಂಪನಿ ಅದನ್ನು ಕೈಬಿಟ್ಟಿತ್ತು! ಆಟದ ಯಂತ್ರ ಇಲ್ಲಿ ಕೊಟ್ಟದ್ದು ಪರದೆ, ಗುಂಡಿ, ಬ್ಯಾಟರಿ. ಬಾಡಿಗೆ ಮನೆಯಷ್ಟೇ ಸಂಬಂಧ. ಮುಂದೆ ನಿಂಟೆಂಡೊ ಡಿಎಸ್‌ಗೆ ಹವ್ಯಾಸಿಗಳು ಬರೆದ ‘ಮೂನ್‌ಶೆಲ್’ ತಂತ್ರಾಂಶವೂ ಇದೇ ಕೆಲಸ ಮಾಡಿತು. ಆಮೇಲೆ ಮೊಬೈಲ್ ಫೋನು ಬಂದು ಇವೆಲ್ಲವನ್ನೂ ನುಂಗಿತು. ಹಾಡು ಹಾಕಲು ಇನ್ನು ಬೇರೆ ಡಬ್ಬಿ ಬೇಕಾಗಲಿಲ್ಲ.

ನುಡಿಸುವ ಡಬ್ಬಿ ಮಾತ್ರ ಉಳಿಯಿತು. ಆದರೆ ಅದರ ಹಾಡುಗಳು ಉಳಿಯುವವೇ ಎನ್ನುವುದು ಬೇರೆ ಪ್ರಶ್ನೆ. ‘ಲಿಟಲ್ ಸೌಂಡ್ ಡಿಜೆ’ಯ ಹಲವು ಹಳೆಯ ಕಾರ್ಟ್ರಿಜ್‌ಗಳಲ್ಲಿ ಬರೆದ ಹಾಡನ್ನು ಹಿಡಿದಿಟ್ಟಿರುವುದು ಒಳಗೆ ಬೆಸೆದ, ರೂಪಾಯಿ ನಾಣ್ಯದಂಥ ಒಂದು ಸೆಲ್ಲು. ಅದಕ್ಕೂ ಆಯುಸ್ಸಿದೆ. ಅದು ಆರಿದ ದಿನ, ಯಾವ ಸೂಚನೆಯೂ ಇಲ್ಲದೆ, ಹಾಡು ಅಳಿಸಿಹೋಗುತ್ತದೆ. ಹೊಸ ಸೆಲ್ಲು ಹಾಕಲು ಹಳೆಯದನ್ನು ಕಿತ್ತರೂ ಅಷ್ಟೇ. ಹಾಗಾಗಿ ಇಪ್ಪತ್ತು ವರ್ಷದ ಹಿಂದೆ ಹಾಡು ಕಟ್ಟಿದ ಎಷ್ಟೋ ಮಂದಿ ಈಗ ಹಳೆಯ ಕಾರ್ಟ್ರಿಜ್ ಹುಡುಕಿ ತೆಗೆದು, ಮೊದಲು ಒಳಗಿರುವುದನ್ನು ಕಂಪ್ಯೂಟರಿಗೆ ನಕಲಿಸಿಕೊಂಡು, ಆಮೇಲೆ ಬೆಸುಗೆ ಕಡ್ಡಿ ಕಾಯಿಸುತ್ತಾರೆ.